ಲೀಟರಿನಲ್ಲೇ ಲೆಕ್ಕ: ಒಂದು ಡೀಸೆಲ್, ಒಂದು ಪೆಟ್ರೋಲ್ ಕಾರು ಓಡಿಸಿದ ನನ್ನ ಅನುಭವ

ಡೀಸೆಲ್ ಕಾರು ಲಾಭವೋ ಪೆಟ್ರೋಲ್ ಕಾರು ಲಾಭವೋ ಎಂದು ಕೇಳಿದರೆ ಹೆಚ್ಚಿನವರು ಎರಡೇ ಅಂಕಿ ನೋಡಿ ಉತ್ತರ ಹೇಳಿಬಿಡುತ್ತಾರೆ. ಒಂದು, ಕಂಪನಿ ಹೇಳುವ ಮೈಲೇಜ್. ಇನ್ನೊಂದು, ಬಂಕಿನ ಬೋರ್ಡಿನಲ್ಲಿರುವ ದರ. ನಾನೂ ಅಣ್ಣನೂ ಹಲವು ವರ್ಷ ಒಂದೇ ಮಾದರಿಯ ಎರಡು ಕಾರು ಇಟ್ಟುಕೊಂಡಿದ್ದೆವು. ನನ್ನದು ಪೆಟ್ರೋಲ್, ಅವನದು ಡೀಸೆಲ್. ಬಾಡಿ, ಚಕ್ರ, ಒಳಗಿನ ಸೌಕರ್ಯ ಎಲ್ಲ ಒಂದೇ, ಎಂಜಿನ್ ಮಾತ್ರ ಬೇರೆ. ಇಂಥ ಜೋಡಿ ಕೈಗೆ ಸಿಕ್ಕಿದ ಮೇಲೆ ಸರಿಯಾಗಿ ಲೆಕ್ಕ ಇಡದೆ ಇರಲು ನನಗೆ ಮನಸ್ಸಾಗಲಿಲ್ಲ. ಇಬ್ಬರ ಗಾಡಿಗೂ ಒಂದೊಂದು ನೋಟ್‌ಬುಕ್ ಮಾಡಿದೆ. ಕೆಲವು ತಿಂಗಳಿಗೊಮ್ಮೆ ಕಾರು ಅದಲುಬದಲು ಮಾಡಿಕೊಂಡೆವು, ಯಾಕೆಂದರೆ ಮೈಲೇಜಿನಲ್ಲಿ ಎಂಜಿನ್ನಿನಷ್ಟೇ ಪಾಲು ಓಡಿಸುವವನ ಕಾಲಿಗೂ ಇದೆ.

ಅಳೆದ ಕ್ರಮ ಹಳೆಯದೇ: ಟ್ಯಾಂಕ್ ಫುಲ್‌ನಿಂದ ಟ್ಯಾಂಕ್ ಫುಲ್‌ಗೆ. ಪಂಪಿನ ನಳಿಕೆ ತಾನಾಗಿ ಮೊದಲ ಸಲ ಕಟ್ ಆದಲ್ಲಿಗೆ ನಿಲ್ಲಿಸುವುದು, ಟ್ರಿಪ್ ಮೀಟರ್ ಸೊನ್ನೆ ಮಾಡುವುದು, ಮುಂದಿನ ಸಲವೂ ಸಾಧ್ಯವಾದರೆ ಅದೇ ಬಂಕಿನ ಅದೇ ಪಂಪಿನಲ್ಲಿ ತುಂಬಿಸಿ, ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸುವುದು. ಒಂದು ಟ್ಯಾಂಕಿನ ಅಂಕಿಯನ್ನು ನಾನು ನಂಬುವುದಿಲ್ಲ. ನಳಿಕೆ ಒಂದೆರಡು ಲೀಟರ್ ಆಚೀಚೆ ಕಟ್ ಆದರೂ ಫಲಿತಾಂಶ ಅಲುಗಾಡುತ್ತದೆ. ಐದಾರು ಟ್ಯಾಂಕ್ ಸೇರಿಸಿ ಸರಾಸರಿ ತೆಗೆದಾಗ ಆ ಅಲುಗಾಟ ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಮೈಲೇಜನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇ ಇಲ್ಲ. ಎರಡೂ ಕಾರಿನಲ್ಲಿ ಅದು ಟ್ಯಾಂಕ್ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಹೇಳುತ್ತಿತ್ತು.

ಇಲ್ಲಿ ನಾನು ಮಾಡಿಕೊಂಡ ಒಂದು ಏರ್ಪಾಡು ಆಮೇಲೆ ಬಹಳ ಉಪಯೋಗಕ್ಕೆ ಬಂತು. ಇಂಧನದ ದರ ವರ್ಷದಲ್ಲಿ ಎಷ್ಟೋ ಸಲ ಏರುತ್ತದೆ, ಇಳಿಯುತ್ತದೆ. ಹಣದಲ್ಲಿ ಬರೆದಿಟ್ಟರೆ ಎರಡು ವರ್ಷದ ಹಿಂದಿನ ಸಾಲನ್ನು ಇವತ್ತಿನ ಸಾಲಿನ ಜೊತೆ ಹೋಲಿಸಲು ಆಗುವುದಿಲ್ಲ. ಅದಕ್ಕೇ ಎಲ್ಲ ಖರ್ಚನ್ನೂ ಆ ದಿನದ ದರದಲ್ಲಿ ಎಷ್ಟು ಲೀಟರ್ ಪೆಟ್ರೋಲಿಗೆ ಸಮ ಎಂದು ಬರೆದೆ. ಆಯಿಲ್ ಬದಲಾವಣೆ ಇಷ್ಟು ಲೀಟರ್, ಟೈರ್ ಇಷ್ಟು ಲೀಟರ್, ಕಾರು ಕೊಳ್ಳುವಾಗ ಡೀಸೆಲ್ ಮಾದರಿಗೆ ಹೆಚ್ಚು ಕೊಟ್ಟಿದ್ದೂ ಇಷ್ಟು ಲೀಟರ್. ನಾಣ್ಯ ಯಾವುದೇ ಇರಲಿ, ಈ ಲೆಕ್ಕ ಹೀಗೇ ನಡೆಯುತ್ತದೆ.

ಮೊದಲು ಬರೀ ಇಂಧನ. ಮೂರರಲ್ಲಿ ಎರಡು ಪಾಲು ಹೆದ್ದಾರಿ, ಒಂದು ಪಾಲು ಊರೊಳಗಿನ ಓಡಾಟ ಎಂದುಕೊಂಡರೆ ಪೆಟ್ರೋಲ್ ಕಾರು ಲೀಟರಿಗೆ ಸುಮಾರು 15 ಕಿಲೋಮೀಟರ್, ಡೀಸೆಲ್ ಕಾರು ಸುಮಾರು 20 ಕೊಟ್ಟವು. ಇದನ್ನು ತಿರುಗಿಸಿ 100 ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಬರೆಯುವುದು ಒಳ್ಳೆಯದು: 6.67 ಮತ್ತು 5. ಹೀಗೆ ಬರೆದರೆ ಕೂಡಿಸಲು, ಕಳೆಯಲು ಸುಲಭ, ಕಣ್ಣಿಗೆ ಮೋಸವೂ ಆಗುವುದಿಲ್ಲ. ಉದಾಹರಣೆಗೆ, ಲೀಟರಿಗೆ 10 ಇದ್ದದ್ದು 12 ಆದರೂ 20 ಇದ್ದದ್ದು 22 ಆದರೂ ಎರಡೇ ಕಿಲೋಮೀಟರ್ ಹೆಚ್ಚಾದಂತೆ ಕಾಣುತ್ತದೆ. ಆದರೆ 100 ಕಿಲೋಮೀಟರಿನಲ್ಲಿ ಮೊದಲನೆಯದು 1.67 ಲೀಟರ್ ಉಳಿಸುತ್ತದೆ, ಎರಡನೆಯದು ಅರ್ಧ ಲೀಟರನ್ನೂ ಮುಟ್ಟುವುದಿಲ್ಲ.

ಡೀಸೆಲ್ ದರ ಪೆಟ್ರೋಲಿನ 90% ಇದ್ದಾಗ ಅದರ 5 ಲೀಟರ್ ಪೆಟ್ರೋಲಿನ ಲೆಕ್ಕದಲ್ಲಿ 4.5 ಆಗುತ್ತದೆ. 100 ಕಿಲೋಮೀಟರಿಗೆ ಉಳಿತಾಯ 2.17 ಲೀಟರ್.

ಮೈಲೇಜಿನ ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಂಡ ಮೇಲೆ ನೋಟ್‌ಬುಕ್ಕಿನ ಎಷ್ಟೋ ಸಾಲು ನನಗೆ ಅರ್ಥವಾದವು. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಇದ್ದರೆ ಪೆಟ್ರೋಲಿನಲ್ಲಿ ಸುಮಾರು 32. ಡೀಸೆಲ್ ತೂಕದ ಇಂಧನ. ಅಂದರೆ ನಮ್ಮ ಕಾರು ತೋರಿಸಿದ 33% ಹೆಚ್ಚಿನ ಮೈಲೇಜಿನಲ್ಲಿ ಒಂದು ಪಾಲು ಎಂಜಿನ್ನಿನ ಜಾಣ್ಮೆಯಲ್ಲ, ಆ ಲೀಟರ್ ಒಳಗೇ ಹೆಚ್ಚು ತುಂಬಿತ್ತು ಅಷ್ಟೆ. ಆ ಪಾಲು ತೆಗೆದರೆ ಎಂಜಿನ್ನಿನ ಗಳಿಕೆ 19% ಆಸುಪಾಸು. ಅದಕ್ಕೆ ಮುಖ್ಯ ಕಾರಣ ಒತ್ತಡ. ಪೆಟ್ರೋಲ್ ಎಂಜಿನ್ ಗಾಳಿಯನ್ನು ಸಾಮಾನ್ಯವಾಗಿ ಹತ್ತು ಹನ್ನೆರಡು ಪಟ್ಟು ಕುಗ್ಗಿಸುತ್ತದೆ, ಡೀಸೆಲ್ ಎಂಜಿನ್ ಹದಿನೈದು ಪಟ್ಟಿಗೂ ಮೇಲೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ ಇಂಧನದ ಶಕ್ತಿಯಲ್ಲಿ ಸುಮಾರು 26% ಭಾಗವನ್ನು ಕೆಲಸವಾಗಿ ಮಾಡಿದ್ದೂ ಈ ಒತ್ತಡದ ಬಲದಿಂದಲೇ.

ಇನ್ನೊಂದು ಕಾರಣವಿದೆ, ನನ್ನ ಲೆಕ್ಕಕ್ಕೆ ಅದೇ ಹೆಚ್ಚು ಮುಖ್ಯವಾಯಿತು. ಪೆಟ್ರೋಲ್ ಎಂಜಿನ್ನಿನಲ್ಲಿ ವೇಗ ತಗ್ಗಿಸಬೇಕಾದರೆ ಥ್ರಾಟಲ್ ಎಂಬ ಕವಾಟ ಮುಚ್ಚಿ ಗಾಳಿಯ ದಾರಿಯನ್ನೇ ಕಿರಿದು ಮಾಡಬೇಕು. ಆ ಕಿರಿದಾದ ದಾರಿಯಿಂದ ಗಾಳಿ ಎಳೆದುಕೊಳ್ಳುವುದಕ್ಕೇ ಎಂಜಿನ್ ಒಂದಿಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಡೀಸೆಲ್ ಎಂಜಿನ್ ಗಾಳಿಯನ್ನು ಹೆಚ್ಚುಕಡಿಮೆ ಪೂರ್ತಿ ಬಿಟ್ಟುಕೊಂಡು ಇಂಧನವನ್ನಷ್ಟೇ ಕಡಿಮೆ ಚಿಮ್ಮಿಸುತ್ತದೆ. ಹೀಗಾಗಿ ಟ್ರಾಫಿಕ್‌ನಲ್ಲಿ ತೆವಳುವಾಗ, ಸಿಗ್ನಲ್‌ನಲ್ಲಿ ಸುಮ್ಮನೆ ಓಡುತ್ತಾ ನಿಂತಾಗ ಡೀಸೆಲ್ ಕುಡಿಯುವುದು ಬಹಳ ಕಡಿಮೆ.

ಇದು ನಮ್ಮ ಅಂಕಿಗಳಲ್ಲಿ ಚೆನ್ನಾಗಿ ಕಂಡಿತು. ಬರೀ ಹೆದ್ದಾರಿಯಲ್ಲಿ ಪೆಟ್ರೋಲ್ 18, ಡೀಸೆಲ್ 22.5. ಬರೀ ಊರೊಳಗೆ ಪೆಟ್ರೋಲ್ 11ಕ್ಕೆ ಕುಸಿಯಿತು, ಡೀಸೆಲ್ 16ರಲ್ಲಿ ನಿಂತಿತು. ಅದೇ 90% ದರದಲ್ಲಿ ಲೆಕ್ಕ ಹಾಕಿದರೆ ಹೆದ್ದಾರಿಯಲ್ಲಿ 100 ಕಿಲೋಮೀಟರಿಗೆ ಉಳಿಯುವುದು 1.56 ಲೀಟರ್, ಊರೊಳಗೆ 3.47 ಲೀಟರ್. ಎರಡು ಪಟ್ಟಿಗೂ ಹೆಚ್ಚು! 'ಡೀಸೆಲ್ ಅಂದರೆ ಹೆದ್ದಾರಿಗೆ' ಎಂದು ಕೇಳಿ ಬೆಳೆದವರಿಗೆ ಇದು ತಲೆಕೆಳಗಾದಂತೆ ತೋರಬಹುದು. ಇಂಧನವೊಂದನ್ನೇ ನೋಡಿದರೆ ಡೀಸೆಲ್ಲಿನ ನಿಜವಾದ ಉಳಿತಾಯ ಊರೊಳಗೇ ಇದೆ.

ಆದರೂ ಹಳೆಯ ಮಾತು ಸುಳ್ಳಲ್ಲ. ಅದು ನಿಂತಿರುವುದು ಇಂಧನದ ಮೇಲಲ್ಲ, ಗ್ಯಾರೇಜಿನ ಬಿಲ್ಲಿನ ಮೇಲೆ.

ಈಗಿನ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. 2000ದಲ್ಲಿ ಬಂದ ಪೂಷೋ 607 ಕಾರಿನಿಂದ ಶುರುವಾದ ಈ ಏರ್ಪಾಡು ಹೊಗೆ ನಿಯಮಗಳು ಬಿಗಿಯಾದಂತೆ ಎಲ್ಲ ಕಡೆ ಹರಡಿತು. ಫಿಲ್ಟರ್ ತುಂಬಿದಾಗ ಆ ಮಸಿಯನ್ನು ಅಲ್ಲೇ ಸುಟ್ಟು ಬೂದಿ ಮಾಡಬೇಕು. ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಹೆದ್ದಾರಿಯಲ್ಲಿ ಕಾಲು ಗಂಟೆ, ಇಪ್ಪತ್ತು ನಿಮಿಷ ಒಂದೇ ಸಮನೆ ಓಡಿದರೆ ಕೆಲಸ ಸದ್ದಿಲ್ಲದೆ ಮುಗಿಯುತ್ತದೆ. ಮನೆಯಿಂದ ಮೂರು ನಾಲ್ಕು ಕಿಲೋಮೀಟರ್ ಓಡಿ ಆಫ್ ಮಾಡುವ ಗಾಡಿಯಲ್ಲಿ ಅದು ಪ್ರತಿ ಸಲ ಅರ್ಧಕ್ಕೆ ನಿಲ್ಲುತ್ತದೆ. ಬಿಸಿ ಏರಿಸಲೆಂದು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಅದರಲ್ಲಿ ಸ್ವಲ್ಪ ಸಿಲಿಂಡರಿನ ಗೋಡೆ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳ್ಳಗಾಗುತ್ತದೆ, ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುವ ಬದಲು ಏರುತ್ತದೆ. ಡೀಸೆಲ್ ಕಾರಿನವರಿಗೆ ನಾನು ಒತ್ತಿ ಹೇಳುವುದು ಇದನ್ನೇ: ಆಯಿಲ್ ಮಟ್ಟ ಏರಿದ್ದು ಕಂಡರೆ ಖುಷಿಪಡಬೇಡಿ, ಬೇಗ ಬದಲಾಯಿಸಿ.

ಅಣ್ಣನ ಕಾರನ್ನು ಬರೀ ಊರೊಳಗೆ ಓಡಿಸಿದ ತಿಂಗಳುಗಳಲ್ಲೇ ಫಿಲ್ಟರಿನ ದೀಪ ಹೊತ್ತಿತು. ಕೈಪಿಡಿಯಲ್ಲಿ ಹೇಳಿದಂತೆ ಹೆದ್ದಾರಿಗೆ ಒಯ್ದು, ಗೇರ್ ಒಂದು ಕಡಿಮೆ ಇಟ್ಟು, ಎಂಜಿನ್ ಬಿಸಿಯಾಗಿ ಓಡಲು ಬಿಟ್ಟೆ. ದೀಪ ಆರಿತು. ಅದನ್ನು ಕಡೆಗಣಿಸಿದ್ದರೆ ಮುಂದಿನ ಹಂತ ಗ್ಯಾರೇಜಿನಲ್ಲಿ ಯಂತ್ರ ಹಚ್ಚಿ ಸುಡಿಸುವುದು, ಅದರಾಚೆಗೆ ಫಿಲ್ಟರನ್ನೇ ಬದಲಾಯಿಸುವುದು. ಹೊಗೆಯನ್ನು ಮರಳಿ ಎಂಜಿನ್ನಿಗೆ ಬಿಡುವ ಇಜಿಆರ್ ಕವಾಟಕ್ಕೂ ಇಂಥ ಸಣ್ಣ ಓಡಾಟವೇ ಶತ್ರು. ತಣ್ಣನೆಯ ಎಂಜಿನ್ನಿನಲ್ಲಿ ಮಸಿ ಗಟ್ಟಿಯಾಗಿ ಕೂರುತ್ತದೆ.

ಇದನ್ನೂ ಲೀಟರಿಗೆ ಇಳಿಸಿ ನೋಡೋಣ. ಇಂಥದ್ದೊಂದು ದೊಡ್ಡ ರಿಪೇರಿ 600 ಲೀಟರ್ ಪೆಟ್ರೋಲಿನಷ್ಟು ಖರ್ಚು ತಂದಿತೆನ್ನಿ. ಊರೊಳಗೆ 100 ಕಿಲೋಮೀಟರಿಗೆ 3.47 ಲೀಟರ್ ಉಳಿಸಿದ ಕಾರು ಆ ಒಂದು ಬಿಲ್ ತೀರಿಸಲು 17,000 ಕಿಲೋಮೀಟರಿಗೂ ಹೆಚ್ಚು ಓಡಬೇಕು. ದಿನಕ್ಕೆ ಏಳೆಂಟು ಕಿಲೋಮೀಟರ್ ಓಡುವ ಗಾಡಿಗೆ ಅದು ಆರು ವರ್ಷದ ಓಟ. ಉಳಿತಾಯ ಎಲ್ಲಿ ಹೆಚ್ಚೋ ರಿಪೇರಿ ಕಾದಿರುವುದೂ ಅಲ್ಲೇ. ಆದ್ದರಿಂದ ವರ್ಷಕ್ಕೆ ಎಷ್ಟು ಕಿಲೋಮೀಟರ್ ಎಂದು ಕೇಳುವುದರ ಜೊತೆಗೆ, ಒಂದು ಸಲ ಕೀಲಿ ತಿರುಗಿಸಿದರೆ ಎಷ್ಟು ದೂರ ಹೋಗುತ್ತೀರಿ ಎಂದೂ ಕೇಳಬೇಕು. ದಿನಕ್ಕೆ ನಲವತ್ತು ಕಿಲೋಮೀಟರ್ ದಟ್ಟ ಟ್ರಾಫಿಕ್‌ನಲ್ಲಿ ಓಡುವ ಡೀಸೆಲ್ ಪೂರ್ತಿ ಬಿಸಿಯಾಗಿ ಓಡುತ್ತದೆ, ಚೆನ್ನಾಗಿಯೇ ಇರುತ್ತದೆ. ಅದೇ ನಲವತ್ತನ್ನು ಹತ್ತು ತುಂಡು ಮಾಡಿದರೆ ಕಥೆ ಬೇರೆ.

ಮಾಮೂಲಿ ಸರ್ವೀಸಿನಲ್ಲಿ ವ್ಯತ್ಯಾಸ ಜನ ಹೆದರುವಷ್ಟಿಲ್ಲ. ಡೀಸೆಲ್ಲಿಗೆ ಆಯಿಲ್ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಮಸಿ ಫಿಲ್ಟರ್ ಇರುವ ಗಾಡಿಗೆ ಕಡಿಮೆ ಬೂದಿ ಬಿಡುವ ದುಬಾರಿ ಆಯಿಲ್ಲೇ ಬೇಕು, ಇಂಧನ ಫಿಲ್ಟರ್ ತಪ್ಪದೆ ಬದಲಾಯಿಸಬೇಕು. ಕೆಲವು ಗಾಡಿಗಳಿಗೆ ಹೊಗೆಯ ವಿಷ ತಗ್ಗಿಸುವ ಯೂರಿಯಾ ದ್ರಾವಣವನ್ನೂ ತುಂಬಬೇಕಾಗುತ್ತದೆ. ಪೆಟ್ರೋಲಿನ ಕಡೆ ಸ್ಪಾರ್ಕ್ ಪ್ಲಗ್‌ಗಳ ಖರ್ಚಿದೆ. ಕೂಡಿ ಕಳೆದು ನಮ್ಮ ನೋಟ್‌ಬುಕ್ಕಿನಲ್ಲಿ ಡೀಸೆಲ್ ಕಾರಿಗೆ 10,000 ಕಿಲೋಮೀಟರಿಗೆ ಸುಮಾರು 30 ಲೀಟರಿನಷ್ಟು ಹೆಚ್ಚು ಬಂತು, ಅಂದರೆ 100ಕ್ಕೆ 0.3.

ಇಂಧನ ಫಿಲ್ಟರ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡವೇ ಬೇಡ. ಈಗಿನ ಡೀಸೆಲ್ ಇಂಜೆಕ್ಟರುಗಳು 2,000 ಬಾರ್ ಆಸುಪಾಸಿನ ಒತ್ತಡದಲ್ಲಿ ಕೆಲಸ ಮಾಡುತ್ತವೆ, ಆ ಒತ್ತಡ ಕೊಡುವ ಪಂಪಿಗೆ ಜಾರು ಕೊಡುವುದು ಡೀಸೆಲ್ಲೇ. ನೀರೋ ಧೂಳೋ ಒಳಗೆ ಹೋದರೆ ಪಂಪು, ಇಂಜೆಕ್ಟರ್ ಎರಡೂ ಹಾಳಾಗುತ್ತವೆ. ತಪ್ಪಿ ಪೆಟ್ರೋಲ್ ತುಂಬಿಸಿದರೂ ಅಷ್ಟೇ: ಎಂಜಿನ್ ಸ್ಟಾರ್ಟ್ ಮಾಡದೆ, ಕೀಲಿಯನ್ನೂ ತಿರುಗಿಸದೆ ಗಾಡಿ ಎಳೆಸಿಕೊಂಡು ಹೋಗಿ ಟ್ಯಾಂಕ್ ಖಾಲಿ ಮಾಡಿಸಬೇಕು.

ಈಗ ಪೂರ್ತಿ ಲೆಕ್ಕ. ಹೊಸ ಡೀಸೆಲ್ ಕಾರಿಗೆ ಪೆಟ್ರೋಲಿಗಿಂತ 1,500 ಲೀಟರ್ ಪೆಟ್ರೋಲಿನಷ್ಟು ಹೆಚ್ಚು ಬೆಲೆ ಕೊಟ್ಟಿರಿ ಎಂದುಕೊಳ್ಳಿ. ಮಾರುವಾಗ ಅದರಲ್ಲಿ 500 ಮರಳಿ ಬಂದೀತು, ಉಳಿದದ್ದು 1,000. ಮಿಶ್ರ ಓಟದಲ್ಲಿ ಉಳಿತಾಯ 2.17, ಅದರಲ್ಲಿ ಸರ್ವೀಸಿನ 0.3 ಕಳೆದರೆ 1.87. 1,000ವನ್ನು 1.87ರಿಂದ ಭಾಗಿಸಿ 100ರಿಂದ ಗುಣಿಸಿದರೆ ಸುಮಾರು 53,500 ಕಿಲೋಮೀಟರ್. ಅಲ್ಲಿಂದ ಮುಂದೆ ಓಡಿದ್ದೆಲ್ಲ ಲಾಭ. ವರ್ಷಕ್ಕೆ 20,000 ಓಡುವವರು ಮೂರನೇ ವರ್ಷದಲ್ಲಿ ಅಲ್ಲಿಗೆ ಮುಟ್ಟುತ್ತಾರೆ, 8,000 ಓಡುವವರಿಗೆ ಆರೂವರೆ ವರ್ಷ ದಾಟುತ್ತದೆ.

ಈ ಲೆಕ್ಕದಲ್ಲಿ ಅತಿ ಬೇಗ ಕದಲುವ ಅಂಕಿ ಎರಡು ಇಂಧನಗಳ ದರದ ಅನುಪಾತ. ದರ ಎಷ್ಟು ಏರಿತು ಎನ್ನುವುದಕ್ಕಿಂತ ಒಂದಕ್ಕೊಂದು ಎಷ್ಟು ದೂರದಲ್ಲಿವೆ ಎನ್ನುವುದೇ ಮುಖ್ಯ. ಎರಡೂ ಒಂದೇ ದರಕ್ಕೆ ಬಂದರೆ ಅದೇ ಕಾರಿಗೆ 73,000 ಕಿಲೋಮೀಟರ್ ಬೇಕು. ಡೀಸೆಲ್ಲೇ 10% ದುಬಾರಿಯಾದರೆ ಸುಮಾರು 1,15,000. ದರ ನಿಗದಿಯಲ್ಲಿ ತೆರಿಗೆಗೆ ದೊಡ್ಡ ಪಾಲಿರುವ ಕಡೆ ಈ ಅನುಪಾತ ಒಂದೇ ಆದೇಶದಲ್ಲಿ ಬದಲಾಗಬಹುದು. ಹಾಗಾಗಿ ಕೊಳ್ಳುವ ದಿನದ ಅನುಪಾತವೊಂದನ್ನೇ ನೆಚ್ಚದೆ, ಸಮ ದರದಲ್ಲೂ ಲೆಕ್ಕ ನಿಲ್ಲುತ್ತದೆಯೇ ಎಂದು ನೋಡಿಯೇ ಡೀಸೆಲ್ ಕೊಳ್ಳಿ ಎಂದು ಕೇಳಿದವರಿಗೆ ಹೇಳುತ್ತೇನೆ. ಊರೊಳಗಿನ ಓಟವೇ ಹೆಚ್ಚಿರುವವರು ಪೆಟ್ರೋಲ್ ಹೈಬ್ರಿಡ್ (ಎಂಜಿನ್ ಜೊತೆ ವಿದ್ಯುತ್ ಮೋಟರೂ ಇರುವ ಕಾರು) ಅನ್ನೂ ಇದೇ ಲೆಕ್ಕಕ್ಕೆ ಹಾಕಿ ನೋಡಲಿ. ಡೀಸೆಲ್ ಗೆಲ್ಲುವ ನಿಂತು ಓಡುವ ಟ್ರಾಫಿಕ್‌ನಲ್ಲೇ ಅದೂ ಗೆಲ್ಲುತ್ತದೆ, ಮಸಿ ಫಿಲ್ಟರಿನ ಹಂಗೂ ಇಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರ ಲೆಕ್ಕ ಬೇರೆಯೇ. ಹೊಸದರಲ್ಲಿದ್ದ ಬೆಲೆಯ ಅಂತರ ಅಷ್ಟರಲ್ಲಿ ಬಹುಪಾಲು ಕರಗಿರುತ್ತದೆ, ಇಂಧನದ ಉಳಿತಾಯ ಮೊದಲ ದಿನದಿಂದಲೇ ಸಿಗುತ್ತದೆ. ಆದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ, ಇಂಜೆಕ್ಟರ್, ಎಂಜಿನ್ನಿನ ನಡುಕ ತಗ್ಗಿಸುವ ಎರಡು ಪದರದ ಫ್ಲೈವೀಲ್, ಮಸಿ ಫಿಲ್ಟರ್ ಇವೆಲ್ಲ ಖರ್ಚಿಗೆ ಬರುವ ಕಾಲವೂ ಹತ್ತಿರ ಬಂದಿರುತ್ತದೆ. ಓಡೋಮೀಟರಿನಲ್ಲಿ ಕಡಿಮೆ ಕಿಲೋಮೀಟರ್ ಇರುವ ಹಳೆಯ ಡೀಸೆಲ್ ಕಂಡರೆ ಹೆಚ್ಚಿನವರಿಗೆ ಆಸೆಯಾಗುತ್ತದೆ. ನನಗೆ ಅನುಮಾನ ಬರುತ್ತದೆ, ಎಂಟು ವರ್ಷ ಸಣ್ಣ ಓಡಾಟದಲ್ಲೇ ಕಳೆದಿರಬಹುದಲ್ಲ ಎಂದು. ಅದೇ ವಯಸ್ಸಿನ, ಹೆದ್ದಾರಿಯಲ್ಲಿ ದುಪ್ಪಟ್ಟು ಓಡಿದ, ಸರ್ವೀಸ್ ದಾಖಲೆ ಪೂರ್ತಿ ಇರುವ ಗಾಡಿ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ನೋಡಲು ಹೋದಾಗ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸುತ್ತೇನೆ. ಅದಕ್ಕೂ ಮೊದಲು ಡಿಪ್‌ಸ್ಟಿಕ್ ತೆಗೆದು ಆಯಿಲ್ ಮಟ್ಟ ಗುರುತಿಗಿಂತ ಮೇಲಿದೆಯೇ, ಡೀಸೆಲ್ ವಾಸನೆ ಬರುತ್ತಿದೆಯೇ ಎಂದು ನೋಡುತ್ತೇನೆ. ಆಮೇಲೆ ಸ್ಕ್ಯಾನರ್ ಹಚ್ಚಿಸಿ ಮಸಿ ಫಿಲ್ಟರ್ ಎಷ್ಟು ತುಂಬಿದೆ, ಕೊನೆಯ ಸಲ ಸುಟ್ಟು ಎಷ್ಟು ದೂರ ಓಡಿದೆ ಎಂದು ಓದಿಸುತ್ತೇನೆ. ಮಾರುವವರು ಸ್ಕ್ಯಾನರ್ ಹಚ್ಚಲು ಒಪ್ಪದಿದ್ದರೆ ಬೆಲೆಯ ಮಾತಿಗೇ ಇಳಿಯುವುದಿಲ್ಲ.