ತಲೆ ಆಡಿಸಿದ್ದು ಸರಿ, ಬಾಯಲ್ಲೂ ಹೇಳಿದಿರಾ?

ಬೆಂಗಳೂರಿನಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸದು. ವಿಡಿಯೊ ಕಾಲ್‌ನಲ್ಲಿ ಜರ್ಮನಿಯ ಸಹೋದ್ಯೋಗಿ, ‘ಶುಕ್ರವಾರದೊಳಗೆ ಮುಗಿಯುತ್ತಾ?’ ಎಂದು ಕೇಳಿದರು. ನಾನು ತಲೆಯನ್ನು ಆ ಕಡೆ ಈ ಕಡೆ ವಾಲಿಸಿದೆ. ‘ಆಗಲಿ, ಮಾಡ್ತೀನಿ’ ಅಂತ ನನ್ನ ಲೆಕ್ಕ. ಅವರು ‘ಆಗಲ್ಲ’ ಅಂದುಕೊಂಡರು. ಕೆಲಸ ಬೇರೆಯವರ ಪಾಲಾಯಿತು. ತುಂಬಾ ಬೇಜಾರಾಗಿತ್ತು. ಕಚೇರಿಯಲ್ಲಿ ನಮ್ಮ ಮೈ ಏನು ಮಾತಾಡುತ್ತದೆ ಎಂದು ಗಮನಿಸಲು ಶುರು ಮಾಡಿದ್ದು ಆಮೇಲೆ.

ಮೊದಲು ನಿಮ್ಮನ್ನು ನೀವೇ ನೋಡಿಕೊಳ್ಳಿ. ಮೊಬೈಲ್ ಎದುರಿಟ್ಟು, ನಿಮ್ಮ ಕೆಲಸದ ಬಗ್ಗೆ ಐದು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ. ಆಮೇಲೆ ಸದ್ದು ಪೂರ್ತಿ ನಿಲ್ಲಿಸಿ ನೋಡಿ. ಪೆನ್ನು ಕುಟ್ಟುವುದು, ಮೂಗು ಮುಟ್ಟಿಕೊಳ್ಳುವುದು, ನೆಲ ನೋಡುವುದು ಎಲ್ಲ ಆಗ ಕಾಣುತ್ತದೆ. ಒಂದು ವಾರಕ್ಕೆ ಒಂದೇ ಅಭ್ಯಾಸ ತಿದ್ದಿಕೊಳ್ಳಿ, ಸಾಕು.

ಎರಡನೆಯದು, ತಲೆ ಆಡಿಸುವುದು. ಇದನ್ನು ಬಿಡಬೇಕಿಲ್ಲ. ನಮ್ಮವರ ನಡುವೆ ಅದು ಎಷ್ಟು ಚಂದದ ಉತ್ತರ ಅಲ್ವಾ! ಆದರೆ ಹೊರಗಿನವರಿದ್ದಾಗ ಜೊತೆಗೊಂದು ಮಾತು ಸೇರಿಸಿ: ‘ಹೌದು, ಶುಕ್ರವಾರ ಸಂಜೆಗೆ ಕೊಡ್ತೀನಿ.’ ಬರೀ ಕೇಳಿಸಿಕೊಂಡಿದ್ದೀರಿ, ಇನ್ನೂ ಒಪ್ಪಿಲ್ಲ ಎಂದಾದರೆ ಅದನ್ನೂ ಹೇಳಿಬಿಡಿ.

ವಿಡಿಯೊ ಕಾಲ್ ಇದ್ದರೆ ಲ್ಯಾಪ್‌ಟಾಪ್ ಕೆಳಗೆ ನಾಲ್ಕು ಪುಸ್ತಕ ಇಟ್ಟು ಕ್ಯಾಮೆರಾವನ್ನು ಕಣ್ಣಿನ ಎತ್ತರಕ್ಕೆ ತನ್ನಿ. ಮಾತಾಡುವಾಗ ಕ್ಯಾಮೆರಾ ನೋಡಿ, ಕೇಳುವಾಗ ಪರದೆ ನೋಡಿ.

ಎದುರಾಬದುರು ಮಾತಾಡುವಾಗ ಎಷ್ಟು ದೂರ ಇರಬೇಕು? ಎಡ್ವರ್ಡ್ ಹಾಲ್ ಎಂಬ ಮಾನವಶಾಸ್ತ್ರಜ್ಞ 1966ರಲ್ಲಿ ಕೆಲಸದ ಮಾತಿಗೆ 4ರಿಂದ 12 ಅಡಿ ಎಂದು ಬರೆದರು. ಅದು ಅಮೆರಿಕದವರನ್ನು ನೋಡಿ ಹೇಳಿದ್ದು. ನಮ್ಮ ಇಕ್ಕಟ್ಟಿನ ಆಫೀಸುಗಳಲ್ಲಿ ಅಷ್ಟು ಜಾಗ ಎಲ್ಲಿದೆ? ನನಗೆ ಸರಿ ಕಂಡ ದಾರಿ ಒಂದೇ: ಎದುರಿನವರು ಅರ್ಧ ಹೆಜ್ಜೆ ಹಿಂದೆ ಸರಿದರೆ ನೀವು ಮುಂದೆ ಹೋಗಬೇಡಿ. ಹೆಣ್ಣುಮಕ್ಕಳ ಮೇಜಿನ ಬಳಿ ನಿಂತು ಬಾಗಿ ಮಾತಾಡುವವರು ಇದನ್ನು ಮರೆಯಲೇಬಾರದು. ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಕೂತರೆ ಇಬ್ಬರಿಗೂ ನಿರಾಳ.

ಇನ್ನು ಬೇರೆಯವರನ್ನು ಓದುವ ವಿಷಯ. ‘ಮಾತಿನಲ್ಲಿ ಪದಗಳ ಪಾಲು ಶೇ 7 ಮಾತ್ರ, ಉಳಿದದ್ದೆಲ್ಲ ದನಿ, ಹಾವಭಾವ’ ಎಂದು ತರಬೇತಿಗಳಲ್ಲಿ ಹೇಳುವುದುಂಟು. ನಂಬಬೇಡಿ. ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದ ಅಂಕಿ ಅದು. ಒಂಟಿ ಪದ, ದನಿ, ಮುಖದ ಫೋಟೊಗಳಿಂದ ಇಷ್ಟ, ಅನಿಷ್ಟ ಹೇಗೆ ತಿಳಿಯುತ್ತದೆ ಎಂದಷ್ಟೇ ಅವರು ನೋಡಿದ್ದು. ಹಾಗಾಗಿ ಯಾರೋ ಕೈಕಟ್ಟಿ ಕೂತರೆ ಸಿಟ್ಟು ಬಂದಿದೆ ಎಂದು ಸುಮ್ನೆ ತೀರ್ಮಾನಿಸಬೇಡಿ. ಮೀಟಿಂಗ್ ಮುಗಿದ ಮೇಲೆ ಹತ್ತಿರ ಹೋಗಿ ಕೇಳಿ: ‘ನಾನು ಹೇಳಿದ್ದು ಒಪ್ಪಿಗೆ ಆಗ್ಲಿಲ್ವಾ, ಅಥವಾ ಎಸಿ ಜಾಸ್ತಿ ಆಯ್ತಾ?’