ಥೈಮಸ್ ಅನ್ನು ಖಾಲಿ ಮಾಡಿ ನೋಡಿದಾಗ

ನಮ್ಮ ದೇಹದ ಮೇಲೇ ಎರಗಬಲ್ಲ ಟಿ ಜೀವಕೋಶಗಳನ್ನು (ಒಂದು ಬಗೆಯ ರೋಗನಿರೋಧಕ ಜೀವಕೋಶಗಳು) ಎದೆಯೊಳಗಿನ ಥೈಮಸ್ ಗ್ರಂಥಿ ಸೋಸಿ ಹಾಕುತ್ತದೆ ಅಂತ ಓದಿರುತ್ತೀರಿ ಅಲ್ವಾ? ಆದರೆ ಆ ಜರಡಿಯನ್ನು ಹೆಣೆಯುವವರು ಯಾರು? ಇಲಿ ಭ್ರೂಣದ ಥೈಮಸ್ಸನ್ನು ಹೊರಗೆ ತೆಗೆದು ಬೆಳೆಸಲು ಶುರು ಮಾಡಿದ ಮೇಲೇ ನನಗೆ ಇದು ಸರಿಯಾಗಿ ತಲೆಗೆ ಹತ್ತಿದ್ದು.

ನಾನು ತೆಗೆದುಕೊಳ್ಳುವುದು 15ನೇ ದಿನದ ಭ್ರೂಣ. ಸೂಕ್ಷ್ಮದರ್ಶಕದ ಕೆಳಗೆ ಎದೆಗೂಡು ಬಿಡಿಸಿದರೆ ಹೃದಯದ ಮೇಲ್ಗಡೆ, ಶ್ವಾಸನಾಳದ ಎರಡೂ ಬದಿಗೆ, ಒಂದೊಂದು ಬಿಳಿ ಹಾಲೆ ಕಾಣುತ್ತದೆ. ಗಂಟಲ ಭಾಗದ ಮೂರನೇ ಚೀಲದ ಒಳಪದರದಿಂದ ಹುಟ್ಟಿ ಇಲ್ಲಿಗೆ ಇಳಿದು ಬಂದದ್ದು ಇದು. ಥೈಮಸ್ ಬೆಳೆಯಲು ಬೇಕಾದ ಫಾಕ್ಸ್‌ಎನ್1 ಜೀನ್ ಕೆಟ್ಟಿರುವ ಇಲಿಯಲ್ಲಿ ಈ ಹಾಲೆ ಹುಡುಕಿದರೂ ಸಿಗುವುದಿಲ್ಲ, ಆ ಇಲಿಗೆ ಮೈಮೇಲೆ ಕೂದಲೂ ಇರುವುದಿಲ್ಲ.

ಹಾಲೆಗಳನ್ನು ದ್ರವದಲ್ಲಿ ಮುಳುಗಿಸಬೇಡಿ. ಸ್ಪಂಜಿನ ಮೇಲೆ ಫಿಲ್ಟರ್ ಇಟ್ಟು, ಅದರ ಮೇಲೆ ಕೂರಿಸಿ. ಕೆಳಗಿನಿಂದ ಆಹಾರ, ಮೇಲಿನಿಂದ ಗಾಳಿ. ಮುಳುಗಿದರೆ ಆಮ್ಲಜನಕ ಸಾಲದೆ ಆಲ್ಫಾ-ಬೀಟಾ ಎಂಬ ಸಾಮಾನ್ಯ ಬಗೆಯ ಟಿ ಜೀವಕೋಶಗಳು ಸೊರಗುತ್ತವೆ.

ಆಮೇಲೆ ಡಿಆಕ್ಸಿಗ್ವಾನೊಸಿನ್ ಎಂಬ ರಾಸಾಯನಿಕ, 1.35 ಮಿಲಿಮೋಲಾರ್, 5ರಿಂದ 7 ದಿನ. ಬೆಳೆಯುತ್ತಿರುವ ಟಿ ಜೀವಕೋಶಗಳೆಲ್ಲ ಸಾಯುತ್ತವೆ, ಥೈಮಸ್ಸಿನ ಸ್ವಂತ ಎಪಿತೀಲಿಯಲ್ ಜೀವಕೋಶಗಳ ಚೌಕಟ್ಟು ಉಳಿಯುತ್ತದೆ. ಈ ಖಾಲಿ ಹಾಲೆಯಲ್ಲಿ ಆ ಜರಡಿಗೆ ಬೇಕಾದ ಏರ್ (Aire) ಎಂಬ ಪ್ರೋಟೀನ್ ಹುಡುಕಿದರೆ ಸಿಗುವುದೇ ಅಪರೂಪ. ಈಗ ರ‍್ಯಾಂಕ್ ಲಿಗ್ಯಾಂಡ್ ಎಂಬ ಸಂಕೇತ ಪ್ರೋಟೀನ್ ಹಾಕಿ ನಾಲ್ಕು ದಿನ ಬಿಟ್ಟು ಮತ್ತೆ ಬಣ್ಣ ಹಾಕಿ ನೋಡಿ: ಮೆಡುಲ್ಲಾದ (ಥೈಮಸ್ಸಿನ ಒಳಭಾಗದ) ಎಪಿತೀಲಿಯಲ್ ಜೀವಕೋಶಗಳ ನ್ಯೂಕ್ಲಿಯಸ್ಸಿನೊಳಗೆ ಚುಕ್ಕೆ ಚುಕ್ಕೆಯಾಗಿ ಏರ್ ಹೊಳೆಯುತ್ತಿರುತ್ತದೆ! ಭ್ರೂಣದೊಳಗೆ ಈ ಲಿಗ್ಯಾಂಡ್ ಕೊಡುವವರು ಅಲ್ಲೇ ಇರುವ ಲಿಂಫಾಯ್ಡ್ ಜೀವಕೋಶಗಳು, ಮುಂದೆ ಬಲಿತ ಟಿ ಜೀವಕೋಶಗಳೂ ಸೇರಿಕೊಳ್ಳುತ್ತವೆ. ಅಂದರೆ ಸೋಸಿಸಿಕೊಳ್ಳಬೇಕಾದವರೇ ಜರಡಿ ಹೆಣೆಯುವುದಕ್ಕೂ ಕೈ ಹಾಕಿರುತ್ತಾರೆ. ನನಗಂತೂ ಇಡೀ ವಿಷಯದಲ್ಲಿ ಇದಕ್ಕಿಂತ ಚೆಂದದ್ದು ಕಂಡಿಲ್ಲ.

ಏರ್ ಇಷ್ಟು ಮುಖ್ಯ ಯಾಕೆ ಅಂದರೆ, ಇನ್ಸುಲಿನ್‌ನಂಥ ಬೇರೆ ಅಂಗಗಳ ಪ್ರೋಟೀನ್‌ಗಳನ್ನು ಥೈಮಸ್ಸಿನಲ್ಲೇ ಚೂರುಪಾರು ತಯಾರಿಸಿ ತೋರಿಸುವುದು ಅದರ ಬಲದಿಂದ. ಅದಕ್ಕೆ ಗಟ್ಟಿಯಾಗಿ ಅಂಟಿಕೊಂಡ ಟಿ ಜೀವಕೋಶ ಸಾಯುತ್ತದೆ, ಇಲ್ಲವೇ ಜಗಳ ಬಿಡಿಸುವ ನಿಯಂತ್ರಕ ಟಿ ಜೀವಕೋಶವಾಗುತ್ತದೆ. ಹುಟ್ಟಿನಿಂದಲೇ ಏರ್ ಜೀನ್ ಕೆಟ್ಟವರಲ್ಲಿ ಪ್ಯಾರಾಥೈರಾಯ್ಡ್, ಅಡ್ರಿನಲ್ ಗ್ರಂಥಿಗಳು ಸ್ವಂತ ರೋಗನಿರೋಧಕ ಜೀವಕೋಶಗಳಿಂದಲೇ ಹಾಳಾಗುತ್ತವೆ.

ಖಾಲಿ ಹಾಲೆಗೆ ಹೊಸ ಪೂರ್ವಜ ಜೀವಕೋಶ (ಮುಂದೆ ಟಿ ಜೀವಕೋಶವಾಗಿ ಬೆಳೆಯುವಂಥದ್ದು) ತುಂಬಬೇಕಾದರೆ ತಲೆಕೆಳಗಾದ ಹನಿಯ ವಿಧಾನವೇ ಸುಲಭ: ಹಾಲೆ, ಜೀವಕೋಶ ಎರಡನ್ನೂ ಒಂದೇ ಹನಿಯಲ್ಲಿ ಹಾಕಿ ತಟ್ಟೆ ಬೋರಲು ಮಾಡಿ, ಒಂದೆರಡು ದಿನದಲ್ಲಿ ಅವು ತಾವಾಗಿಯೇ ಒಳಗೆ ಸೇರುತ್ತವೆ. ಅದಕ್ಕೂ ಮೊದಲು ಡಿಆಕ್ಸಿಗ್ವಾನೊಸಿನ್ ಚೆನ್ನಾಗಿ ತೊಳೆಯಿರಿ, ಸುಮ್ನೆ ಮೇಲೆ ಮೇಲೆ ಅಲ್ಲ. ಒಳಗೆ ಉಳಿದದ್ದು ಹೊಸದಾಗಿ ಬಂದವರನ್ನೂ ಕೊಲ್ಲುತ್ತದೆ.