ಕೊಡೆ ಬೇಡದ ಊರು: ಬೊಲೋನ್ಯಾದಲ್ಲಿ ಶನಿವಾರ, ಭಾನುವಾರ

ಮಾರ್ಚ್ ಮಧ್ಯದಲ್ಲಿ ಗೆಳೆಯನೊಬ್ಬ ಆಫೀಸ್ ಕೆಲಸದ ಮೇಲೆ ಬೆಂಗಳೂರಿನಿಂದ ಇಟಲಿಯ ಮಿಲಾನ್‌ಗೆ ಬಂದಿದ್ದ. ನಾನು ಇಲ್ಲೇ ಇರುವವನು. ಅವನಿಗೆ ಬಿಡುವು ಇದ್ದದ್ದು ಒಂದೇ ವಾರಾಂತ್ಯ. ಬರುವಾಗಲೇ ವೆನಿಸ್ ಅಂತ ತೀರ್ಮಾನ ಮಾಡಿಕೊಂಡು ಬಂದಿದ್ದ. ಹವಾಮಾನ ನೋಡಿದರೆ ಶನಿವಾರ ಮಧ್ಯಾಹ್ನದ ತನಕ ಬಿಸಿಲು, ಭಾನುವಾರ ಪೂರ್ತಿ ಮಳೆ. ಮಳೆಯಲ್ಲಿ ವೆನಿಸ್‌ನ ಸೇತುವೆ ಹತ್ತಿ ಇಳಿಯುವುದು ಯಾರಿಗೆ ಬೇಕು? ನಾನು ಬೊಲೋನ್ಯಾ ಅಂದೆ.

"ಅಲ್ಲೇನೈತಿ?" ಅಂದ. ವಿಜಯಪುರದವನು, ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಇಲ್ಲ.

"ಊರಿಗೆ ಊರೇ ಸೂರು ಹಾಕಿಕೊಂಡಿದೆ ಮಾರಾಯ, ಕೊಡೆ ಬೇಡ" ಅಂದೆ.

ಬೊಲೋನ್ಯಾದ ಹಳೆಯ ಭಾಗದಲ್ಲಿ ರಸ್ತೆ ಬದಿಯ ಮನೆಗಳೆಲ್ಲ ಕಂಬಗಳ ಮೇಲೆ ಮುಂದಕ್ಕೆ ಚಾಚಿಕೊಂಡಿವೆ. ಮೇಲೆ ಕೋಣೆಗಳು, ಕೆಳಗೆ ಜನ ಓಡಾಡುವ ದಾರಿ. ಇದಕ್ಕೆ ಪೋರ್ಟಿಕೋ ಅನ್ನುತ್ತಾರೆ. ಹಳೆಯ ಊರಿನಲ್ಲೇ ಇಂಥ ದಾರಿ ಸುಮಾರು 38 ಕಿಲೋಮೀಟರ್ ಇದೆ. ಹೊರಗಿನದೂ ಸೇರಿದರೆ 62. ಇಲ್ಲಿನ ವಿಶ್ವವಿದ್ಯಾಲಯ 1088ರದ್ದು ಅಂತ ಲೆಕ್ಕ. ವಿದ್ಯಾರ್ಥಿಗಳೂ ವ್ಯಾಪಾರಿಗಳೂ ಬಂದು ತುಂಬಿಕೊಂಡಾಗ ಜಾಗ ಸಾಲದೆ, ಜನ ಮಹಡಿಯನ್ನು ರಸ್ತೆ ಕಡೆಗೆ ಎಳೆದು ಕಟ್ಟಿದರು. ಬೇರೆ ಊರುಗಳಲ್ಲಿ ಇಂಥದ್ದನ್ನು ಒತ್ತುವರಿ ಅಂತ ಕೆಡವಿಸಿದರು. ಬೊಲೋನ್ಯಾ 1288ರಲ್ಲಿ ಉಲ್ಟಾ ಕಾನೂನು ಮಾಡಿತು: ಹೊಸ ಮನೆ ಕಟ್ಟುವವರು ಪೋರ್ಟಿಕೋ ಕಟ್ಟಲೇಬೇಕು, ಕುದುರೆ ಮೇಲೆ ಕೂತವನೂ ಹೋಗುವಷ್ಟು ಎತ್ತರ ಇರಬೇಕು. ಜಾಗ ಮನೆಯವರದ್ದು, ನಡೆಯುವ ಹಕ್ಕು ಎಲ್ಲರದ್ದು. 2021ರಲ್ಲಿ ಯುನೆಸ್ಕೋ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮಿಲಾನ್‌ನಿಂದ ಹೈಸ್ಪೀಡ್ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಮೊದಲೇ ಬುಕ್ ಮಾಡಿದರೆ ಅಗ್ಗ, ಕೊನೇ ಗಳಿಗೆಯಲ್ಲಿ ಜೇಬಿಗೆ ಕತ್ತರಿ. ಸಾದಾ ರೀಜನಲ್ ರೈಲು ಮೂರು ಗಂಟೆ ಹತ್ತಿರ ತೆಗೆದುಕೊಳ್ಳುತ್ತದೆ, ದರ ಮಾತ್ರ ಯಾವಾಗಲೂ ಅಷ್ಟೇ. ನಾವು ಹೋಗುವಾಗ ಬೆಳಗ್ಗೆಯೇ ಹೈಸ್ಪೀಡ್ ಹಿಡಿದೆವು. ಕಾರಣ, ನನಗೆ ಹನ್ನೆರಡು ಗಂಟೆಯೊಳಗೆ ಒಂದು ಚರ್ಚ್ ಒಳಗೆ ಇರಬೇಕಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಬೊಲೋನ್ಯಾ ಸ್ಟೇಷನ್ ಹೊರಗೋಡೆಯ ಒಂದು ಗಡಿಯಾರ ಸದಾ 10:25 ತೋರಿಸುತ್ತದೆ. ಕೆಟ್ಟು ನಿಂತದ್ದಲ್ಲ. 1980ರ ಆಗಸ್ಟ್ 2ರಂದು ಅದೇ ಹೊತ್ತಿಗೆ ವೇಟಿಂಗ್ ರೂಮಿನಲ್ಲಿ ಬಾಂಬ್ ಸಿಡಿದು 85 ಜನ ಸತ್ತರು. ಆ ಕೋಣೆಯಲ್ಲಿ ಗೋಡೆಯ ಬಿರುಕನ್ನು ಹಾಗೇ ಬಿಟ್ಟಿದ್ದಾರೆ, ಪಕ್ಕದಲ್ಲಿ ಸತ್ತವರ ಹೆಸರುಗಳು. ಅದೇ ಕೋಣೆಯಲ್ಲಿ ಜನ ಇವತ್ತಿಗೂ ರೈಲಿಗೆ ಕಾಯುತ್ತಾ ಕೂತಿರುತ್ತಾರೆ. ಅಲ್ಲಿಂದ ವಿಯಾ ಇಂಡಿಪೆಂಡೆನ್ಸಾ ಹಿಡಿದು ನೇರ ನಡೆದರೆ ಊರ ನಡುವಿನ ಚೌಕ, ಪಿಯಾತ್ಸಾ ಮಜೋರೆ. ವಾರಾಂತ್ಯದಲ್ಲಿ ಈ ರಸ್ತೆಗೆ ವಾಹನ ಬಿಡುವುದಿಲ್ಲ, ಹಾಗಾಗಿ ಬಸ್ ಹುಡುಕುವ ತಾಪತ್ರಯವೇ ಬೇಡ.

ಚೌಕದ ಒಂದು ಬದಿಗೆ ಸಾನ್ ಪೆಟ್ರೋನಿಯೋ ಚರ್ಚ್. 1390ರಲ್ಲಿ ಶುರು ಮಾಡಿದ್ದು. ಮುಂಭಾಗದ ಕೆಳಗಿನ ಅರ್ಧಕ್ಕೆ ಅಮೃತಶಿಲೆ, ಮೇಲಿನ ಅರ್ಧ ಬರೀ ಇಟ್ಟಿಗೆ. ಇನ್ನೂ ಮುಗಿದಿಲ್ಲ, ಇನ್ನು ಮುಗಿಯುವುದೂ ಇಲ್ಲ. ನಾನು ಬಂದದ್ದು ಒಳಗಿನ ನೆಲ ನೋಡಲಿಕ್ಕೆ. ಎಡಬದಿಯಲ್ಲಿ ಕಂಬಗಳ ಸಂದಿಯಲ್ಲೇ ಓರೆಯಾಗಿ ಒಂದು ಹಿತ್ತಾಳೆಯ ಗೆರೆ ಹೋಗುತ್ತದೆ, 66.8 ಮೀಟರ್ ಉದ್ದ. 1655ರಲ್ಲಿ ಖಗೋಳಶಾಸ್ತ್ರಜ್ಞ ಕಸ್ಸೀನಿ ಹಾಕಿಸಿದ್ದು. ಮುಂದೆ ಶನಿಗ್ರಹದ ಬಳೆಗಳ ನಡುವಿನ ಸಂದು ಕಂಡುಹಿಡಿದವನೂ ಇವನೇ. ಸುಮಾರು 27 ಮೀಟರ್ ಎತ್ತರದಲ್ಲಿ ಚಾವಣಿಗೆ ಒಂದು ಸಣ್ಣ ತೂತು. ಅಲ್ಲಿಂದ ಬೀಳುವ ಬಿಸಿಲಿನ ಬಿಲ್ಲೆ, ಸೂರ್ಯ ನೆತ್ತಿಗೆ ಬಂದ ಗಳಿಗೆಯಲ್ಲಿ ಸರಿಯಾಗಿ ಆ ಗೆರೆ ದಾಟುತ್ತದೆ. ಬೇಸಿಗೆಯಲ್ಲಿ ತೂತಿನ ಹತ್ತಿರ, ಚಳಿಗಾಲದಲ್ಲಿ ಗೆರೆಯ ಆ ತುದಿಗೆ.

ಹೋಗುವವರು ಹೊತ್ತನ್ನು ಸರಿಯಾಗಿ ಲೆಕ್ಕ ಹಾಕಿಕೊಳ್ಳಬೇಕು. ಇಟಲಿಯ ಗಡಿಯಾರ 15 ಡಿಗ್ರಿ ಪೂರ್ವ ರೇಖಾಂಶದ್ದು, ಬೊಲೋನ್ಯಾ ಇರುವುದು 11ರ ಆಸುಪಾಸಿನಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ಕಾಲು ಗಂಟೆ ತಡ. ಮಾರ್ಚ್ ಮಧ್ಯದಲ್ಲಿ ಭೂಮಿಯ ಓಟದ ಏರುಪೇರಿನಿಂದ ಇನ್ನೊಂದು ಒಂಬತ್ತು ನಿಮಿಷ ಸೇರುತ್ತದೆ. ಅಂದರೆ ಹೆಚ್ಚುಕಮ್ಮಿ 12:23ಕ್ಕೆ. ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಿಟ್ಟ ಮೇಲೆ ಇದು ಒಂದು ಗಂಟೆ ದಾಟಿ ನಡೆಯುತ್ತದೆ. ಆಗ ಮಧ್ಯಾಹ್ನ ಬಾಗಿಲು ಹಾಕುತ್ತಾರಾ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಹನ್ನೆರಡೂ ಹತ್ತಕ್ಕೆಲ್ಲ ಗೆರೆಯ ಪಕ್ಕ ನಿಂತೆವು. ಬಿಲ್ಲೆ ಆಗಲೇ ನೆಲದ ಮೇಲಿತ್ತು, ಊಟದ ತಟ್ಟೆಗಿಂತ ದೊಡ್ಡದು, ಸ್ವಲ್ಪ ಉದ್ದಕ್ಕೆ ಎಳೆದ ಹಾಗೆ. ಅದು ಸರಿಯುವುದು ಕಣ್ಣಿಗೇ ಕಾಣುತ್ತದೆ, ನಿಮಿಷಕ್ಕೆ ಮುಕ್ಕಾಲು ಗೇಣು. ನಡುವೆ ಮೋಡ ಬಂದು ಬಿಲ್ಲೆ ಮಾಯವಾಯಿತು. ಅಲ್ಲಿದ್ದ ಸಣ್ಣ ಗುಂಪು "ಆಹ್" ಅಂತು. ಮತ್ತೆ ಬಂದಾಗ ಬಿಲ್ಲೆಯ ಅಂಚು ಗೆರೆ ಮುಟ್ಟಿತ್ತು. ಗೆರೆಯ ಉದ್ದಕ್ಕೂ ರಾಶಿಗಳ ಗುರುತಿದೆ. ಅದರ ಪ್ರಕಾರ ಸೂರ್ಯ ಮೇಷಕ್ಕೆ ಬರುವುದು ಮಾರ್ಚ್ 20ರ ಹೊತ್ತಿಗೆ, ನಮ್ಮ ಪಂಚಾಂಗದಲ್ಲಿ ಏಪ್ರಿಲ್ 14ಕ್ಕೆ. ನಮ್ಮವರು ರಾಶಿಯನ್ನು ನಕ್ಷತ್ರಕ್ಕೆ ಕಟ್ಟಿದ್ದಾರೆ, ಇವರು ಹಗಲು ರಾತ್ರಿ ಸಮನಾಗುವ ದಿನಕ್ಕೆ. ಗೆಳೆಯ ಆಮೇಲೆ ಅರ್ಧ ಗಂಟೆ ಇದರ ಬಗ್ಗೆಯೇ ಪ್ರಶ್ನೆ ಕೇಳಿದ. ವೆನಿಸ್ ಮಾತು ನಿಂತದ್ದು ಅಲ್ಲಿಗೆ.

ಚೌಕದ ಇನ್ನೊಂದು ಬದಿಯಲ್ಲಿ ಪೊದೆಸ್ತಾ ಅರಮನೆ. ಅದರ ಅಡಿಯಲ್ಲಿ ದಾರಿ ಕೂಡುವ ಕಡೆ ಒಂದು ಕಮಾನಿನ ಚಾವಣಿ. ಒಬ್ಬರು ಒಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ, ಎದುರಿನ ಓರೆ ಮೂಲೆಯಲ್ಲಿ ನಿಂತವರಿಗೆ ಸ್ಪಷ್ಟ ಕೇಳುತ್ತದೆ. ನಡುವೆ ಹೋಗುವವರಿಗೆ ಏನೂ ಕೇಳಿಸದು. ಗೆಳೆಯನನ್ನು ಆ ಮೂಲೆಗೆ ಕಳಿಸಿ "ಊಟಕ್ಕೆ ಹೋಗೋಣ್ವಾ?" ಅಂದೆ. ಉತ್ತರ ಬಂತು: "ಲೇ, ನಮ್ಮ ಗೋಲಗುಮ್ಮಟದಾಗ ಏಳು ಸಲ ಕೇಳ್ತೈತಿ, ಇಲ್ಲಿ ಒಂದ ಸಲ!" ಪಕ್ಕದಲ್ಲೇ ಸಮುದ್ರ ದೇವತೆ ನೆಪ್ಚೂನ್‌ನ ಕಾರಂಜಿ ಇದೆ. ಅವನ ಕೈಯ ತ್ರಿಶೂಲವೇ ಮಸೆರಾಟಿ ಕಾರಿನ ಲಾಂಛನ. ಆ ಕಂಪನಿ ಹುಟ್ಟಿದ್ದು ಇದೇ ಊರಿನಲ್ಲಿ, 1914ರಲ್ಲಿ.

ಇನ್ನು ಊಟ. ನಾನು ಸಸ್ಯಾಹಾರಿ, ಮೊಟ್ಟೆಗೆ ಅಡ್ಡಿಯಿಲ್ಲ. ಗೆಳೆಯ ಎಲ್ಲವನ್ನೂ ತಿನ್ನುತ್ತಾನೆ. ಇಟಲಿ ಅಂದರೆ ಸಸ್ಯಾಹಾರಿಗೆ ಸಲೀಸು ಅನ್ನುತ್ತಾರೆ. ಬೊಲೋನ್ಯಾ ಅದಕ್ಕೆ ಅಪವಾದ. ಇಲ್ಲಿನ ಹೆಸರಾಂತ ತಾಲ್ಯಾತೆಲ್ಲೆ ಪಾಸ್ತಾಗೆ ರಾಗು, ಅಂದರೆ ಮಾಂಸದ ಗೊಜ್ಜು. ತೊರ್ತೆಲ್ಲೀನಿ ಅನ್ನುವ ಪುಟ್ಟ ಪಾಸ್ತಾ ಕಡುಬಿನ ಒಳಗೂ ಮಾಂಸ, ಅದು ತೇಲುವ ಸಾರೂ ಮಾಂಸದ್ದು. ಹಸಿರು ಲಸಾನ್ಯಾ ಅಂತ ಇರುತ್ತದೆ. ಹಸಿರು ಬಂದದ್ದು ಹಿಟ್ಟಿಗೆ ಹಾಕಿದ ಪಾಲಕ್‌ನಿಂದ, ಪದರಗಳ ನಡುವೆ ಅದೇ ರಾಗು. ಕ್ರೆಶೆಂತೀನಾ ಅನ್ನುವ ಕರಿದ ರೊಟ್ಟಿಯನ್ನು ಸಂಪ್ರದಾಯದವರು ಹಂದಿ ಕೊಬ್ಬಿನಲ್ಲೇ ಕರಿಯುತ್ತಾರೆ. ಮಾಂಸ ಬೇಡ ಅಂದರೆ ಅಷ್ಟು ಸಾಲದು, "ಸ್ತ್ರುತ್ತೋ" ಇದೆಯಾ ಅಂತಲೂ ಕೇಳಬೇಕು, ಅದೇ ಹಂದಿ ಕೊಬ್ಬು. ಪಾರ್ಮೆಜಾನೋ ಚೀಸ್‌ಗೂ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ, ಕಟ್ಟುನಿಟ್ಟಿನವರು ನೆನಪಿಡಿ. ನನ್ನನ್ನು ಕಾಪಾಡಿದ್ದು ತೊರ್ತೆಲ್ಲೋನಿ. ಕೊನೆಯಲ್ಲಿ ಲೋನಿ, ಲೀನಿ ಅಲ್ಲ. ಗಾತ್ರದಲ್ಲಿ ದೊಡ್ಡದು, ಒಳಗೆ ರಿಕೊಟ್ಟಾ ಅನ್ನುವ ಮೆತ್ತನೆ ಚೀಸ್, ಮೇಲೆ ಬೆಣ್ಣೆ, ಸೇಜ್ ಎಲೆ. ಹಿಟ್ಟಿಗೆ ಮೊಟ್ಟೆ ಇರುತ್ತದೆ.

ಅದು ರಾತ್ರಿಗೆ. ಮಧ್ಯಾಹ್ನ ನಾವು ಮಾಡಿದ್ದು ಇನ್ನೂ ಚೆನ್ನಾಗಿತ್ತು. ಚೌಕದ ಪಕ್ಕದ ಕ್ವಾದ್ರಿಲಾತೆರೋ ಅನ್ನುವ ಗಲ್ಲಿಗಳಲ್ಲಿ ಹಣ್ಣು, ಬ್ರೆಡ್ಡು, ಚೀಸಿನ ಅಂಗಡಿಗಳ ಸಾಲು. ಅಲ್ಲೇ ಓಸ್ತೆರಿಯಾ ದೆಲ್ ಸೋಲೆ ಅಂತ 1465ರಿಂದ ಇರುವ ಪಾನಗೃಹ. ಅಲ್ಲಿ ಕುಡಿಯಲು ಮಾತ್ರ ಕೊಡುತ್ತಾರೆ, ಊಟ ನಾವೇ ಹೊತ್ತುಕೊಂಡು ಹೋಗಬೇಕು. ಬ್ರೆಡ್ಡು, ಟೊಮ್ಯಾಟೊ, ಸ್ಕ್ವಾಕ್ವೆರೋನೆ ಅನ್ನುವ ಮೆತ್ತನೆಯ ಚೀಸ್ ಕೊಂಡು ಹೋದೆವು. ಗೆಳೆಯ ತನಗೆ ಮೊರ್ತದೆಲ್ಲಾ ಅನ್ನುವ ಹಂದಿ ಮಾಂಸದ ಸಾಸೇಜ್ ಕಟ್ಟಿಸಿಕೊಂಡ. ಉದ್ದ ಮೇಜು, ಪಕ್ಕದಲ್ಲಿ ಯಾರೋ ಮುದುಕರು ಇಸ್ಪೀಟು ಆಡುತ್ತಿದ್ದರು. ಏನು ಹಾಕಿದ್ದಾರೋ ಅನ್ನುವ ಅನುಮಾನವಿಲ್ಲದೆ ಉಂಡ ಊಟ.

ಮಧ್ಯಾಹ್ನ ಮೋಡ ಕವಿಯಿತು. ಆರ್ಕಿಜಿನ್ನಾಸಿಯೋಗೆ ಹೋದೆವು, ವಿಶ್ವವಿದ್ಯಾಲಯದ ಹಳೆಯ ಕಟ್ಟಡ. ಗೋಡೆ, ಚಾವಣಿ ತುಂಬ ಹಳೆಯ ವಿದ್ಯಾರ್ಥಿಗಳ ಮನೆತನದ ಲಾಂಛನಗಳು. ಮೇಲೆ ಮರದಲ್ಲೇ ಮಾಡಿದ ಶವಛೇದನದ ಕೋಣೆ, 1637ರದ್ದು. 1944ರ ಬಾಂಬ್ ದಾಳಿಯಲ್ಲಿ ಪುಡಿಯಾಗಿ, ಆಮೇಲೆ ಅವಶೇಷದಿಂದ ತುಂಡು ತುಂಡು ಹೆಕ್ಕಿ ಮತ್ತೆ ಕಟ್ಟಿದ್ದಾರೆ.

ಒಂದೇ ಒಂದು ಕಲಾಕೃತಿ ನೋಡಲು ಮಾತ್ರ ಸಮಯ ಇದ್ದರೆ ಅಲ್ಲಿಂದ ಎರಡು ಹೆಜ್ಜೆ ದೂರದ ಸಾಂತಾ ಮರಿಯಾ ದೆಲ್ಲಾ ವೀತಾ ಚರ್ಚ್‌ಗೆ ಹೋಗಿ. ಒಳಗೆ ನಿಕ್ಕೊಲೋ ದೆಲ್ಲಾರ್ಕಾ 15ನೇ ಶತಮಾನದಲ್ಲಿ ಸುಟ್ಟ ಮಣ್ಣಿನಲ್ಲಿ ಮಾಡಿದ ಆಳೆತ್ತರದ ಗೊಂಬೆಗಳಿವೆ. ನೆಲದ ಮೇಲೆ ಸತ್ತ ಯೇಸು, ಸುತ್ತ ಅಳುವವರು. ಅಳುವುದು ಅಂದರೆ ಕಣ್ಣೀರು ಒರೆಸಿಕೊಳ್ಳುವುದಲ್ಲ. ಬಲಗಡೆಯ ಹೆಂಗಸು ಓಡಿ ಬರುತ್ತಿದ್ದಾಳೆ, ಸೆರಗು ಹಿಂದಕ್ಕೆ ಹಾರಿದೆ, ಬಾಯಿ ಪೂರ್ತಿ ತೆರೆದಿದೆ. ಇನ್ನೊಬ್ಬಳು ನೋಡಲಾರೆ ಅಂತ ಕೈ ಅಡ್ಡ ಹಿಡಿದಿದ್ದಾಳೆ. ಇಟಲಿಯ ಚರ್ಚುಗಳಲ್ಲಿ ಸೌಮ್ಯವಾದ ದುಃಖ ನೋಡಿ ನೋಡಿ ನನಗೆ ಬೇಜಾರಾಗಿತ್ತು. ಇದು ಹಾಗಲ್ಲ, ಸಾವಿನ ಮನೆಯ ಬಾಗಿಲಲ್ಲಿ ನಿಂತ ಹಾಗಿದೆ. ಗೆಳೆಯ ಫೋನ್ ಜೇಬಿಗೆ ಹಾಕಿಕೊಂಡ.

ಇದೇ ನಿಕ್ಕೊಲೋನ ಇನ್ನೊಂದು ಕೆಲಸ ಸಾನ್ ದೊಮೆನಿಕೋ ಚರ್ಚ್‌ನಲ್ಲಿದೆ, ಸಂತ ದೊಮೆನಿಕೋನ ಗೋರಿಯ ಮೇಲ್ಭಾಗ. 1494ರಲ್ಲಿ ಆತ ಸತ್ತಾಗ ಕೆಲವು ಮೂರ್ತಿಗಳು ಉಳಿದಿದ್ದವು. ಅವುಗಳಲ್ಲಿ ಮೂರನ್ನು ಮಾಡಿದ್ದು ಫ್ಲಾರೆನ್ಸ್‌ನಿಂದ ಬಂದಿದ್ದ ಮೈಕೆಲಾಂಜೆಲೊ, ಆಗ ವಯಸ್ಸು ಸುಮಾರು ಇಪ್ಪತ್ತು. ದೀಪ ಹಿಡಿದ ದೇವದೂತರ ಮೂರ್ತಿಗಳು ಎರಡಿವೆ: ನಾಜೂಕಿನದು ನಿಕ್ಕೊಲೋದು, ತೋಳು ದಪ್ಪಗಿರುವುದು ಮೈಕೆಲಾಂಜೆಲೊನದು. ಯಾವುದು ಯಾರದ್ದು ಅಂತ ಗೆಳೆಯ ಹೇಳಿಸಿಕೊಳ್ಳದೆ ಕಂಡುಹಿಡಿದ.

ಹೊರಗೆ ಬಂದಾಗ ಮಳೆ ಶುರುವಾಗಿತ್ತು. ಎರಡು ಗೋಪುರಗಳ ತನಕ ಕಮಾನಿನ ಕೆಳಗೇ ಹೋದೆವು. ಅಸಿನೆಲ್ಲಿ 97 ಮೀಟರ್, ಗರಿಸೆಂಡಾ 48 ಮೀಟರ್, ಸುಮಾರು 4 ಡಿಗ್ರಿ ವಾಲಿದೆ. ಮೊದಲು ಅಸಿನೆಲ್ಲಿಯ 498 ಮೆಟ್ಟಿಲು ಹತ್ತಲು ಬಿಡುತ್ತಿದ್ದರು. 2023ರ ಅಕ್ಟೋಬರ್‌ನಲ್ಲಿ ಗರಿಸೆಂಡಾದ ಸ್ಥಿತಿ ಕೆಟ್ಟಿದೆ ಅಂತ ಗೊತ್ತಾದ ಮೇಲೆ ಸುತ್ತ ಬೇಲಿ ಹಾಕಿದರು. ನಾವು ಹೋದಾಗ ದೂರದಿಂದಲೇ ದರ್ಶನ. ಕಾಲುವೆ ಕಾಣುವ ಕಿಟಕಿ ಅಂತ ವಿಯಾ ಪಿಯೆಲ್ಲಾದಲ್ಲಿ ಒಂದಿದೆ. ಸೆಲ್ಫಿಗೆ ಸಾಲು ನಿಂತಿದ್ದರು. ನಾವು ನಿಲ್ಲಲಿಲ್ಲ, ನೀವೂ ನಿಲ್ಲಬೇಕಿಲ್ಲ.

ಭಾನುವಾರ ಬೆಳಗ್ಗೆ ಹೇಳಿದ ಹಾಗೇ ಮಳೆ. ಪೋರ್ತಾ ಸರಗೋತ್ಸಾ ಅನ್ನುವ ಹಳೆಯ ಕೋಟೆ ಬಾಗಿಲಿನಿಂದ ಗುಡ್ಡದ ಮೇಲಿನ ಸಾನ್ ಲೂಕಾ ದೇಗುಲಕ್ಕೆ ಒಂದೇ ಪೋರ್ಟಿಕೋ ಹೋಗುತ್ತದೆ. 3.8 ಕಿಲೋಮೀಟರ್, 666 ಕಮಾನು. ಅಲ್ಲೊಂದು ಮಾತೆ ಮರಿಯಳ ಚಿತ್ರವಿದೆ. 1433ರಲ್ಲಿ ಬಿಡದೆ ಮಳೆ ಸುರಿದು ಬೆಳೆ ಕೊಳೆಯುವ ಹಾಗಾದಾಗ ಆ ಚಿತ್ರವನ್ನು ಊರಿಗೆ ಹೊತ್ತು ತಂದರಂತೆ, ಮಳೆ ನಿಂತಿತಂತೆ. ಅಂದಿನಿಂದ ಪ್ರತಿ ವರ್ಷ ಮೆರವಣಿಗೆ. ಹೊತ್ತು ತರುವಾಗ ನೆನೆಯಬಾರದಲ್ವಾ, ಅದಕ್ಕೆ 1674ರಲ್ಲಿ ಈ ಸೂರು ಕಟ್ಟಲು ಶುರು ಮಾಡಿದರು. ಮುಗಿಯಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಮೊದಲ ಅರ್ಧ ಮಟ್ಟಸ. ಮೆಲೊಂಚೆಲ್ಲೋ ಅನ್ನುವ ಕಮಾನಿನಲ್ಲಿ ದಾರಿ ರಸ್ತೆಯನ್ನು ಮೇಲಿಂದ ದಾಟುತ್ತದೆ, ಪಕ್ಕದಲ್ಲೇ ಫುಟ್‌ಬಾಲ್ ಕ್ರೀಡಾಂಗಣ. ಅಲ್ಲಿಂದ ಏರು ಶುರು. ಕೆಲವು ಕಡೆ ಮೆಟ್ಟಿಲು, ಕೆಲವು ಕಡೆ ಇಳಿಜಾರು, ಒದ್ದೆಯಾದ ಕಡೆ ಜಾರುತ್ತದೆ. ಒಳ್ಳೆ ಹಿಡಿತದ ಶೂ ಬೇಕು. ಊರಿನವರು ನಮ್ಮನ್ನು ದಾಟಿ ಓಡುತ್ತಾ ಹೋಗುತ್ತಿದ್ದರು, ಅವರಿಗೆ ಇದು ಭಾನುವಾರದ ವ್ಯಾಯಾಮ. ಗೆಳೆಯ ಪ್ರತಿ ಚಿಕ್ಕ ಗುಡಿಯ ಮುಂದೆ ಭಕ್ತಿಯಿಂದ ನಿಲ್ಲುತ್ತಿದ್ದ. ಅಂಥ ಗುಡಿಗಳು ದಾರಿಯಲ್ಲಿ 15 ಇವೆ, ಅವನಿಗೆ ಅಷ್ಟೂ ಬೇಕಾದವು. ಮಂಡಿ ನೋವಿರುವವರು ಚೌಕದಿಂದ ಹೊರಡುವ ಟೂರಿಸ್ಟ್ ಪುಟಾಣಿ ರೈಲಿನಲ್ಲಿ ಹತ್ತಿ, ನಡೆದು ಇಳಿಯಬಹುದು. ಮೇಲೆ ಮಂಜು ಮುಚ್ಚಿ ಊರು ಕಾಣಲಿಲ್ಲ. ಒಳಗೆ ಪೂಜೆ ನಡೆಯುತ್ತಿತ್ತು, ಹಿಂದೆ ಸ್ವಲ್ಪ ಹೊತ್ತು ನಿಂತು ಬಂದೆವು.

ಇಳಿದು ಬಂದು, ಒಂದೊಂದು ಜೆಲಾಟೊ ತಿಂದು, ಸ್ಟೇಷನ್ ಸೇರಿದೆವು. ಇಲ್ಲಿ ಒಂದು ಎಚ್ಚರಿಕೆ: ಹೈಸ್ಪೀಡ್ ರೈಲುಗಳ 16ರಿಂದ 19ನೇ ಪ್ಲಾಟ್‌ಫಾರ್ಮ್‌ಗಳು ನೆಲದಿಂದ ಬಹಳ ಕೆಳಗೆ ಇವೆ, ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಇಳಿಯಬೇಕು. ಐದು ನಿಮಿಷ ಮುಂಚೆ ಬಂದರೆ ರೈಲು ತಪ್ಪುತ್ತದೆ. ಹದಿನೈದು ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ನಮಗೆ ಹೊತ್ತಿತ್ತು, ವಾಪಸ್ ಬರಲು ಅಗ್ಗದ ರೀಜನಲ್ ರೈಲೇ ಸಾಕು ಅಂದುಕೊಂಡು ಮೇಲಿನ ಪ್ಲಾಟ್‌ಫಾರ್ಮ್‌ಗೆ ಹೋದೆವು. ಮೊದೆನಾ ದಾಟುವಷ್ಟರಲ್ಲಿ ಗೆಳೆಯನಿಗೆ ನಿದ್ದೆ.